ಕುಶಾವತಿ ದಂಡಿ ಹಿಡದು ಗರಸಿನ ಹಾದಿ: ಗೋವಾದಾಗ ಗ್ರ್ಯಾವೆಲ್ ಸೈಕಲ್ ಹೊಡಿಯೋದು ಹೆಂಗ

ಊರಿಗೆ ಹೋದಾಗ ಕಾಕಾ ಕೇಳಿದ್ರು, ಏನಪಾ ಅದು ಗ್ರ್ಯಾವೆಲ್ ಗ್ರ್ಯಾವೆಲ್ ಅಂತಿ ಅಂತ. ಡಾಂಬರ್ ಬಿಟ್ಟು ಗರಸಿನ ಹಾದಿ ಹಿಡಿಯೋದು ಕಾಕಾ ಅಂದೆ. ತಟ್ನ ತಿಳೀತು ಅವ್ರಿಗೆ. ನಮ್ಮ ಉತ್ತರ ಕರ್ನಾಟಕದ ಮಂದಿಗೆ ಗರಸು ಅಂದ್ರ ಬಿಡಿಸಿ ಹೇಳೋದು ಬೇಕಿಲ್ಲ, ಚಕ್ಕಡಿ ಹಾದಿ, ಹೊಲಕ್ಕ ಹೋಗೋ ಹಾದಿ, ಬರಿಗಾಲಿಗೆ ಚುಚ್ಚೋ ಸಣ್ಣ ಹಳ್ಳು. ಅದ ಹಾದಿ ಮ್ಯಾಲ ಅಗಲ ಟೈರಿನ, ಬಾಗಿದ ಹ್ಯಾಂಡಲ್ಲಿನ ಸೈಕಲ್ ತಗೊಂಡು ಇಡೀ ದಿನ ಹೋಗೋದಕ್ಕ ಈಗ ಗ್ರ್ಯಾವೆಲ್ ಬೈಕಿಂಗ್ ಅಂತಾರ.

ನಾ ಮಡಗಾಂವ್‌ದಾಗ ಇರೋದು, ಹಾವೇರಿ ಕಡಿಂದ ಬಂದು ಭಾಳ ವರ್ಷ ಆತು. ವಾಸ್ಕೋ, ಫೋಂಡಾ, ಮಡಗಾಂವ್ ಎಲ್ಲಾ ಕಡೆ ನಮ್ಮ ಮಂದಿ ಅದಾರ, ಸೈಕಲ್ ತಗೊಂಡವ್ರೂ ಈಗ ಹೆಚ್ಚಾಗ್ಯಾರ, ಆದ್ರ ಎಲ್ಲಾರೂ ಹೋಗೋದು ಬೀಚಿಗೆ. ಒಂದ ಸಲ ಸಮುದ್ರಕ್ಕ ಬೆನ್ನು ಮಾಡಿ ಪೂರ್ವಕ್ಕ ಹೋಗಿ ನೋಡ್ರಿ. ಅಲ್ಲೆ ಕುಶಾವತಿ ಅಂತ ಸಣ್ಣ ಹೊಳಿ ಅದ, ದಕ್ಷಿಣದ ಗುಡ್ಡದಾಗ ಹುಟ್ಟಿ ಉತ್ತರಕ್ಕ ಹರದು ಜುವಾರಿ ನದಿಗೆ ಸೇರ್ತದ. ಅದರ ದಂಡಿ ಮ್ಯಾಲ ಕದಂಬರ ರಾಜಧಾನಿ ಅದ, ಶಿಲಾಯುಗದ ಮನಷ್ಯಾ ಕೆತ್ತಿದ ಚಿತ್ರ ಅದಾವ, ನಡುವ ಕಾಡು, ಗೇರುತೋಟ, ಬಂದ್ ಬಿದ್ದ ಖಾಣಿ (ಗಣಿ), ಭತ್ತದ ಗದ್ದಿ. ಇಷ್ಟೆಲ್ಲಾ ಒಂದು ದಿನದ ಸೈಕಲ್ ಅಂತರದಾಗ.

ಹೊಸಬ್ರಿಗೆ ನಾ ಹೇಳೋದು ಒಂದ ಮಾತು, ಇವತ್ತು ಎಷ್ಟು ಕಿಲೋಮೀಟರ್ ಅಂತ ಮೊದಲ ಲೆಕ್ಕ ಹಾಕಬ್ಯಾಡ್ರಿ. ಒಂದು ಹೊಳಿ ಹಿಡೀರಿ. ಹೊಳಿ ಹಿಡದ್ರ ಏರು ಎಲ್ಲೆ ಬರ್ತದ, ನೀರು ಎಲ್ಲೆ ಸಿಗ್ತದ, ಊರು ಎಲ್ಲೆ ಅದಾವ, ಹಳೇ ಗುಡಿ ಎಲ್ಲೆ ಇರ್ತಾವ, ಎಲ್ಲಾ ತಾನ ಗೊತ್ತಾಗ್ತದ.

ಹಂತ 1: ತಿಂಗಳು ನೋಡ್ಕೋರಿ

ಜೂನ್‌ದಿಂದ ಸೆಪ್ಟೆಂಬರ್ ತನಕ ಮಳಿ. ಹಸರು ನೋಡಾಕ ಚಂದ, ಆದ್ರ ಕೆಂಪು ಕಲ್ಲಿನ ಮ್ಯಾಲ ಪಾಚಿ ಕಟ್ಟಿ ಸಾಬಾಣದಂಗ ಜಾರ್ತದ, ಪಾರೋಡಾದಾಗ ಕುಶಾವತಿ ಉಕ್ಕಿ ರಸ್ತೆ ಮುಳಗ್ತದ, ಕಾಡಿನ ಹಳ್ಳ ಅರ್ಧ ತಾಸಿನ್ಯಾಗ ಮೊಣಕಾಲಿಂದ ಎದಿಮಟ ಬರ್ತಾವ. ಮಳಿಗಾಲದಾಗ ಹೋಗೋದ ಇದ್ರ ಡಾಂಬರ್ ಹಾದಿ ಸಾಕು, ಹರಿಯೋ ಹಳ್ಳಕ್ಕ ಸೈಕಲ್ ಹೊತಗೊಂಡು ಇಳಿಯೋದು ಬ್ಯಾಡ.

ನವೆಂಬರ್‌ದಿಂದ ಫೆಬ್ರವರಿ ನಡುವ ಹೋದ್ರ ಭಾಳ ಚೊಲೊ. ಬೆಳಿಗ್ಗೆ ಥಂಡಿ, ನೆಲ ಒಣಗಿ ಗಟ್ಟಿ, ಹೊಳ್ಯಾಗ ಇನ್ನೂ ನೀರು. ಮಾರ್ಚ್ ಏಪ್ರಿಲ್‌ದಾಗ ಸೆಖಿ, ಆದ್ರ ಗೇರುಹಣ್ಣಿನ ಸುಗ್ಗಿ, ಕುಶಾವತಿ ಕಡೆ ಊರು ರಿವಣದ ಹಾದಿ ತುಂಬ ಆ ಹಣ್ಣಿನ ಹುಳಿ ವಾಸನಿ, ಅದಕ್ಕಂತ ಹೋಗೋರೂ ಅದಾರ. ಆಗ ಹೋದ್ರ ಬೆಳಿಗ್ಗೆ 6ಕ್ಕ ಹೊಂಟು 11ರ ಒಳಗ ನೆರಳು ಸೇರ್ಕೋಬೇಕು.

ಇನ್ನೊಂದು ಮಾತು ಎಲ್ಲಾರಿಗೂ ಒತ್ತಿ ಹೇಳ್ತೀನಿ, ಮಂಗನ ಕಾಯಿಲೆ. 1957ರಾಗ ನಮ್ಮ ಶಿವಮೊಗ್ಗ ಜಿಲ್ಲಾ ಕ್ಯಾಸನೂರು ಕಾಡಿನ್ಯಾಗ ಮೊದಲ ಗುರ್ತು ಹಿಡದದ್ದು ಇದು, ಗೋವಾದಾಗೂ ಸತ್ತರಿ ತಾಲೂಕಿನ್ಯಾಗ ಕಾಣಿಸ್ಕೊಂಡದ. ಕಾಡಿನ ಉಣ್ಣಿ ಕಡಿಯೋದ್ರಿಂದ ಬರ್ತದ, ಡಿಸೆಂಬರ್‌ದಿಂದ ಮೇ ತನಕ ಜೋರು, ಅಂದ್ರ ನಾವು ಸೈಕಲ್ ಹೊಡಿಯೋ ದಿನದಾಗನ. ಉದ್ದ ಸಾಕ್ಸ್ ಹಾಕ್ರಿ, ಉದರಿದ ಎಲಿ ಮ್ಯಾಲ ಮಲಗಬ್ಯಾಡ್ರಿ, ಮಂಗ್ಯಾ ಸತ್ತು ಬಿದ್ದದ್ದು ಕಂಡ್ರ ಹತ್ರ ಹೋಗದ ಅರಣ್ಯ ಇಲಾಖೆಯವ್ರಿಗೆ ಹೇಳ್ರಿ, ಮನಿಗೆ ಬಂದ ಮ್ಯಾಲ ಮೊಣಕಾಲ ಹಿಂದ, ಕಂಕಳಾಗ, ಸೊಂಟದ ಸುತ್ತ ಕನ್ನಡಿ ಹಿಡದು ನೋಡ್ಕೋರಿ. ಮುಂದ ಒಂದು ವಾರದಾಗ ಜ್ವರ ಬಂದ್ರ ಡಾಕ್ಟರ್‌ಗೆ ಕಾಡಿಗೆ ಹೋಗಿದ್ದೆ ಅಂತ ಮೊದಲ ಹೇಳ್ಬೇಕು.

ಹಂತ 2: ಸೈಕಲ್, ಟೈರು, ಹವಾ

ಗ್ರ್ಯಾವೆಲ್ ಬೈಕ್ ತಗೊಳ್ಳಲಿಕ್ಕ ರೊಕ್ಕ ಇಲ್ಲಂದ್ರ ಬಿಡ್ರಿ, ನಿಮ್ಮಲ್ಲಿ ಎಂಟಿಬಿ, ಅಂದ್ರ ಮೌಂಟನ್ ಬೈಕ್ ಇದ್ರ ಸಾಕು, ಹೈಬ್ರಿಡ್ ಇದ್ರೂ ನಡೀತದ, ಅದರ ಫ್ರೇಮಿನ್ಯಾಗ 38 ಮಿ.ಮೀ. ಟೈರ್ ಕುಂದ್ರತದೋ ಇಲ್ಲೋ ನೋಡ್ಕೋರಿ ಅಷ್ಟ. ಹೊಸಾದು ತಗೋತೀನಿ ಅನ್ನೋರು ನೋಡಬೇಕಾದ್ದು ಮೂರು, 40ರಿಂದ 45 ಮಿ.ಮೀ. ಟೈರಿಗೆ ಜಾಗ, ಡಿಸ್ಕ್ ಬ್ರೇಕ್, ಮತ್ತ ಹಗರ ಗೇರು. ಹಗರ ಗೇರು ಅಂದ್ರ ಚೈನ್ ಕುಂದ್ರೋ ಮುಂದಿನ ಚಕ್ರದ ಹಲ್ಲು, ಹಿಂದಿನ ದೊಡ್ಡ ಚಕ್ರದ ಹಲ್ಲು ಹೆಚ್ಚುಕಡಿಮಿ ಸಮ ಇರಬೇಕು, ಮುಂದ 40 ಇದ್ರ ಹಿಂದ 42, ಹಿಂಗ. ಡಾಂಬರ್ ಸೈಕಲ್ಲಿನ ಗೇರಿನ್ಯಾಗ ಗರಸಿನ ಏರು ಹತ್ತಾಕ ಹೋದ್ರ ಎದ್ದು ನಿಂತು ತುಳೀಬೇಕಾಗ್ತದ, ಎದ್ದು ನಿಂತ್ರ ಹಿಂದಿನ ಗಾಲಿ ಮ್ಯಾಲಿನ ಭಾರ ಕಡಿಮಿ ಆಗಿ ಗಾಲಿ ಅಲ್ಲೇ ತಿರಗ್ತದ, ಸೈಕಲ್ ಮುಂದ ಹೋಗಂಗಿಲ್ಲ.

ಹವಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರ ಇಡೀ ಆಟ ಇರೋದ ಅದರಾಗ. ರೋಡ್ ಸೈಕಲ್‌ದಿಂದ ಬಂದೋರು ಗಟ್ಟಿ ಹವಾ ಹಾಕ್ತಾರ, ಗಟ್ಟಿ ಇದ್ರ ಓಡ್ತದ ಅಂತ. ಗರಸಿನ ಮ್ಯಾಲ ಹಂಗಲ್ರೀ. ಗಟ್ಟಿ ಟೈರು ಪ್ರತಿ ಸಣ್ಣ ಕಲ್ಲಿಗೂ ಜಿಗೀತದ, ಜಿಗದಷ್ಟೂ ಸಲ ನಿಮ್ಮ ಶಕ್ತಿ ಮ್ಯಾಲಕ್ಕ ಹೋತು, ಮುಂದಕ್ಕ ಹೋಗಲಿಲ್ಲ, ಮತ್ತ ಹಿಡಿತನೂ ಇಲ್ಲ. ಮೆತ್ತಗ ಇದ್ರ ಟೈರು ಸಣ್ಣ ಕಲ್ಲನ್ನ ನುಂಗ್ಕೊಂಡು ಹೋಗ್ತದ. 40 ಮಿ.ಮೀ. ಟ್ಯೂಬ್‌ಲೆಸ್ ಟೈರು, 70 ಕೆ.ಜಿ. ಮನಷ್ಯಾ ಅಂದ್ರ ಹವಾದ ಒತ್ತಡ 32ರಿಂದ 35 ಪಿ.ಎಸ್.ಐ.ದಿಂದ ಶುರು ಮಾಡ್ರಿ, ಮುಂದಿನ ಗಾಲಿಗೆ 2 ಕಡಿಮಿ. ತೂಕ ಹೆಚ್ಚಿದ್ರ 2-3 ಏರಿಸ್ರಿ. ಒಳಗ ಟ್ಯೂಬ್ ಇದ್ರ 40ರ ಹತ್ರ ಇಟ್ಕೋರಿ, ಇಲ್ಲಂದ್ರ ಕಲ್ಲಿಗೂ ರಿಮ್ಮಿಗೂ ನಡುವ ಟ್ಯೂಬ್ ಸಿಕ್ಕು ಹಾವು ಕಚ್ಚಿದಂಗ ಎರಡು ತೂತು ಬೀಳ್ತಾವ. ಹವಾ ಅಳಿಯೋ ಗೇಜ್ ಒಂದು ಇಟ್ಕೋರಿ, ಬೆರಳಿಲೆ ಒತ್ತಿ ನೋಡಿದ್ರ ನಂಬಿಕಿ ಇಡಾಕ ಆಗೂದಿಲ್ಲ.

ಟ್ಯೂಬ್‌ಲೆಸ್ ಹಾಕಿಸಿದ್ರ ಒಳಗಿನ ಸೀಲಂಟ್, ಅಂದ್ರ ತೂತು ಮುಚ್ಚೋ ದ್ರವ, ನಮ್ಮ ಸೆಖಿಗೆ ಎರಡು ಮೂರು ತಿಂಗಳದಾಗ ಒಣಗ್ತದ, ತಾರೀಖು ಬರದಿಟ್ಕೋರಿ. ಮತ್ತ ವಾಲ್ವ್. ಇಂಥಾ ಸೈಕಲ್ಲಿಗೆ ಸಣ್ಣ ಬಾಯಿನ ಪ್ರೆಸ್ಟಾ ವಾಲ್ವ್ ಇರ್ತದ, ಹಳ್ಳಿಯ ಪಂಚರ್ ಅಂಗಡಿ ಪಂಪು ಅದಕ್ಕ ಕುಂದ್ರಂಗಿಲ್ಲ. ಹಿತ್ತಾಳಿ ಅಡಾಪ್ಟರ್ ಅಂತ ಬೆರಳ ತುದಿಯಷ್ಟು ಸಣ್ಣದು ಸಿಗ್ತದ, ಅದನ್ನ ವಾಲ್ವ್ ಮ್ಯಾಲ ತಿರುವಿದ್ರ ಸ್ಕೂಟರಿಗೆ ಹವಾ ಹಾಕೋ ಯಾವ ಪೆಟ್ರೋಲ್ ಪಂಪಿನ್ಯಾಗೂ ಹಾಕಿಸ್ಕೋಬಹುದು. ಒಂದು ಕೀಲಿ ಗೊಂಚಲಿಗೆ ಕಟ್ಟಿ ಇಡ್ರಿ.

ಬ್ರೇಕ್ ಪ್ಯಾಡು ಮೆಟಲ್ ಇರೋದು ಹಾಕಿಸ್ರಿ. ಕೆಂಪು ಮಣ್ಣಿನ ರಾಡಿ ಪಾಲಿಶ್ ಕಾಗದ ಇದ್ದಂಗ, ಒಂದ ಮಳಿ ದಿನದಾಗ ರೆಸಿನ್ ಪ್ಯಾಡ್ ತಿಂದು ಹಾಕ್ತದ.

ಹಂತ 3: ಹಾದಿ ಹುಡುಕೋದು, ಕೇಳೋದು

ಮೊದಲ ಫೋನಿನ ಮ್ಯಾಪಿನ್ಯಾಗ ಸ್ಯಾಟಲೈಟ್ ಚಿತ್ರ ತೆಗೀರಿ. ಕೆಂಪು ಗೆರಿ ಕಾಣ್ತಾವಲ್ಲ, ಅವ ನಿಮ್ಮ ಹಾದಿ. ಕೋಮೂಟ್, ರೈಡ್ ವಿತ್ ಜಿಪಿಎಸ್ ಇಂಥಾ ಆ್ಯಪಿನ್ಯಾಗ ಆ ಗೆರಿ ಮ್ಯಾಲ ಹಾದಿ ಗೀಚಿ ಆಫ್‌ಲೈನ್ ಇಳಿಸಿಟ್ಕೋರಿ, ರಿವಣ ದಾಟಿದ ಮ್ಯಾಲ ನೆಟ್‌ವರ್ಕ್ ಹೋಗ್ತದ ಬರ್ತದ.

ಆದ್ರ ಗೆರಿ ಕಂಡ್ತು ಅಂತ ಹೋಗಲಿಕ್ಕ ಹಕ್ಕು ಬಂತು ಅಂತಲ್ಲ. ಇಲ್ಲಿ ಕೆಂಪು ಹಾದಿ ನಾಕು ನಮೂನಿ. ಒಂದು ಊರಿಂದ ಊರಿಗೆ ಹೋಗೋ ಹಳೇ ಹಾದಿ, ಅದು ಎಲ್ಲಾರದು. ಎರಡನೇದು ಗೇರುತೋಟ, ಅಡಿಕಿ ತೋಟದ ಹಾದಿ, ಅಲ್ಲೆ ಗೇಟ್ ಇದ್ರ ಮಾಲಕರನ್ನ ಕೇಳ್ಬೇಕು, ತೆರದ ಗೇಟು ಮತ್ತ ಹಾಕ್ಬೇಕು, ದನಾ ಒಳಗ ಹೋಗ್ತಾವ. ಮೂರನೇದು ಖಾಣಿ ಹಾದಿ. 2012ರಾಗ ಗೋವಾದ ಕಬ್ಬಿಣದ ಅದಿರಿನ ಕೆಲಸ ನಿಂತು, 2018ರಾಗ ಸುಪ್ರೀಂ ಕೋರ್ಟ್ 88 ಲೀಸ್ ರದ್ದು ಮಾಡಿದ ಮ್ಯಾಲ ಎಷ್ಟೋ ಖಾಣಿ ಹಾದಿ ಪಾಳು ಬಿದ್ದಾವ, ಈಗ ಕೆಲವು ಕಡೆ ಕೆಲಸ ಮತ್ತ ಶುರು ಆಗ್ಯದ. ಅಗಲ ಹಾದಿ, ಲಾರಿ ಇಲ್ಲ, ಸೈಕಲ್ಲಿಗೆ ಇದಕ್ಕಿಂತ ಇಲ್ಲ ಅನಿಸ್ತದ, ಆದ್ರ ಅದು ಖಾಸಗಿ ಜಾಗ, ಕಾವಲುಗಾರ ನಿಲ್ಲಿಸಿದ್ರ ವಾದ ಮಾಡದ ತಿರಗ್ರಿ. ಗುಂಡಿಯೊಳಗ ನೀಲಿ ಹಸರು ನೀರು ನಿಂತಿರ್ತದ, ಭಾಳ ಆಳ, ದಂಡಿ ಸಡಲ ಮಣ್ಣು. ಇಳೀಬ್ಯಾಡ್ರಿ, ಈಸ ಬರ್ತದ ಅಂದ್ರೂ ಇಳೀಬ್ಯಾಡ್ರಿ.

ನಾಕನೇದು ಅಭಯಾರಣ್ಯ. ನೇತ್ರಾವಳಿ ಅಭಯಾರಣ್ಯ 1999ರಾಗ ಘೋಷಣೆ ಆದದ್ದು, ಒಳಗಿನ ಕಾಲ್ದಾರಿಗೆ ಅರಣ್ಯ ಇಲಾಖೆ ನಾಕಾದಾಗ ಹೆಸರು ಬರಸಿ ಪರವಾನಗಿ ತಗೊಂಡ ಹೋಗ್ಬೇಕು. ಕಾಡುಕೋಣ ಇಲ್ಲಿ ರಾಜ್ಯದ ಪ್ರಾಣಿ, ಬೆಳಗಿನ ಜಾವ ಮತ್ತ ಸಂಜಿ ಮುಂದ ಹಾದಿ ದಾಟ್ತಾವ. ಕಂಡ್ರ ಐವತ್ತು ಮೀಟರ್ ದೂರ ನಿಂತು ಹೋಗೋ ತನಕ ಕಾಯಿರಿ. ಬೆಲ್ ಹೊಡಿಯೋದು, ಮೊಬೈಲ್ ಹಿಡಿದು ಮುಂದ ಸರಿಯೋದು ಏನೂ ಬ್ಯಾಡ. ರೈಲ್ವೆ ಹಳಿ ಪಕ್ಕದ ಸರ್ವಿಸ್ ಹಾದಿನೂ ಬ್ಯಾಡ, ಹಳಿ ಮ್ಯಾಲ ಹೋಗೋದು ಗುನ್ಹೆ.

ಮ್ಯಾಪಿಗಿಂತ ಚೊಲೊ ಸಾಧನ ಅಂದ್ರ ಬಾಯಿ. "ಹೀ ವಾಟ್ ಖೈಂ ವತಾ?" ಇಷ್ಟು ಕೊಂಕಣಿ ಬಂದ್ರ ಸಾಕು, ಈ ಹಾದಿ ಎಲ್ಲಿಗೆ ಹೋಗ್ತದ ಅಂತ. ಬೆಳಿಗ್ಗೆ ಹೊತ್ತು ಕೇಳಾಕ ಬ್ರೆಡ್ ಮಾರೋ ಪೊದೇರ್‌ಗಿಂತ ಚೊಲೊ ಮನಷ್ಯಾ ಸಿಗೂದಿಲ್ಲ. ಹಿಂದ ಕ್ಯಾರಿಯರ್ ಮ್ಯಾಲ ದೊಡ್ಡ ಬುಟ್ಟಿ, ಅದಕ್ಕ ನೀಲಿ ಪ್ಲಾಸ್ಟಿಕ್ ಹೊದಿಕಿ, ಪೊಂವ್ ಪೊಂವ್ ಅಂತ ರಬ್ಬರ್ ಹಾರ್ನು, ಒಂದ ಗೇರಿನ ಸೈಕಲ್ ಮ್ಯಾಲ ಊರಿನ ಪ್ರತಿ ಓಣಿ ತಿರಗ್ತಾರ, ಯಾವ ಹಾದಿ ರಾಡಿ ಆಗ್ಯದ ಯಾವ ಓಣ್ಯಾಗ ನಾಯಿ ಬೆನ್ನ ಹತ್ತಾವ ಎಲ್ಲಾ ಗೊತ್ತು ಅವ್ರಿಗೆ. ಎರಡು ಬಿಸಿ ಪೋಯಿ ಬ್ರೆಡ್ ತಗೋರಿ, ಕೇಳ್ರಿ, "ದೇವ್ ಬರೆಂ ಕರೂಂ" ಅಂದು ಮುಂದ ನಡೀರಿ.

ಹಂತ 4: ಏನು ಕಟ್ಕೊಂಡು ಹೋಗೋದು

ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಇದು ಚಳಿಗಾಲದ ಲೆಕ್ಕ. 750 ಮಿ.ಲೀ. ಬಾಟ್ಲಿ ಎರಡು, ಒಂದರಾಗ ಓಆರ್‌ಎಸ್. ಗೋವಾದ ಸೆಖಿ ನಮ್ಮ ಬಯಲುಸೀಮಿ ಬಿಸಲಿನಂಗಲ್ಲ, ಗಾಳ್ಯಾಗ ನೀರಿನ ಪಸೆ ಇರೋದಕ್ಕ ಬೆವರು ಆರೂದಿಲ್ಲ, ಮೈ ತಣ್ಣಗ ಆಗೂದಿಲ್ಲ, ಉಪ್ಪು ಮಾತ್ರ ಹೋಗ್ತಾ ಇರ್ತದ. ಬರೇ ನೀರು ಕುಡದ್ರ ಮಧ್ಯಾಹ್ನಕ್ಕ ತಲಿ ಸಿಡೀತದ, ಕಾಲು ಹಿಡೀತಾವ. ತಿನ್ನಾಕ ಶೇಂಗಾ ಚಿಕ್ಕಿ, ಬಾಳಿಹಣ್ಣು, ಮನ್ಯಾಗಿನ ಚಪಾತಿ ಬೆಲ್ಲದ ಸುರುಳಿ. ಹಸಿವಿ ಆಗೋಕಿಂತ ಮೊದಲ, ಮುಕ್ಕಾಲು ತಾಸಿಗೆ ಒಮ್ಮೆ ಸ್ವಲ್ಪ ಸ್ವಲ್ಪ.

ರಿಪೇರಿ ಸಾಮಾನು: ಟ್ಯೂಬ್ ಒಂದು, ಟೈರ್ ಲಿವರ್, ಟ್ಯೂಬ್‌ಲೆಸ್‌ಗೆ ತುರುಕೋ ರಬ್ಬರ್ ಬತ್ತಿ, ಸಣ್ಣ ಪಂಪು, ಮಲ್ಟಿಟೂಲ್, ಹರದ ಚೈನು ಜೋಡಿಸೋ ಕ್ವಿಕ್ ಲಿಂಕ್, ಎರಡು ಮೂರು ಜಿಪ್ ಟೈ. ಮತ್ತ ಡಿರೇಲರ್ ಹ್ಯಾಂಗರ್, ಇದು ಎಲ್ಲಾರೂ ಮರೀತಾರ. ಹಿಂದಿನ ಗೇರು ಫ್ರೇಮಿಗೆ ತೂಗ ಬಿದ್ದಿರ್ತದಲ್ಲ ಆ ಸಣ್ಣ ಅಲ್ಯೂಮಿನಿಯಂ ತುಂಡು, ಸೈಕಲ್ ಬಿದ್ರ ಫ್ರೇಮ್ ಉಳೀಲಿ ಅಂತ ಅದು ಮೊದಲ ಮುರೀತದ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಮಡಗಾಂವ್‌ದ ದೊಡ್ಡ ಅಂಗಡ್ಯಾಗೂ ನಿಮ್ಮದ ಸಿಗ್ತದ ಅಂತ ಹೇಳಾಕಾಗೂದಿಲ್ಲ. ಸೈಕಲ್ ತಗೊಂಡ ದಿನಾನ ಇನ್ನೊಂದು ತರಸಿ ಚೀಲದಾಗ ಹಾಕಿಡ್ರಿ.

ಹೆಲ್ಮೆಟ್ ಹಾಕ್ಲೇಬೇಕು. ತುರ್ತು ನಂಬರ್ 108, 112 ಎರಡೂ ಫೋನಿನ್ಯಾಗ ಇರ್ಲಿ. ಹಾವು ಕಚ್ಚಿದ್ರ ಕಟ್ಟು ಕಟ್ಟೋದು, ಕೊಯ್ಯೋದು ಮಾಡಬ್ಯಾಡ್ರಿ, ಕಾಲು ಅಲುಗಾಡಿಸದ ನೆಟ್ಟಗ ದೊಡ್ಡ ಸರಕಾರಿ ದವಾಖಾನಿಗೆ. ಒಬ್ರ ಹೋಗಬ್ಯಾಡ್ರಿ, ಹೋಗೋದ ಆದ್ರ ಯಾವ ಹಾದಿ, ಎಷ್ಟೊತ್ತಿಗೆ ವಾಪಸ್ ಅಂತ ಮನ್ಯಾಗ ಹೇಳಿ ಹೋಗ್ರಿ.

ಹಂತ 5: ಕೆಂಪು ಕಲ್ಲು ಓದೋದು ಕಲೀರಿ

ಗೋವಾದ ನೆಲ ಅಂದ್ರ ಜಂಬಿಟ್ಟಿಗಿ ಕಲ್ಲು. ಕಾರವಾರ ಕುಮಟಾ ಕಡೆ ಹೋದವ್ರು ನೋಡೇ ಇರ್ತೀರಿ, ಮನಿ ಕಟ್ಟೋ ಕೆಂಪು ಕಲ್ಲು, ಇಲ್ಲೆ ಚಿರೆ ಅಂತಾರ. ಲಕ್ಷಾಂತರ ವರ್ಷದ ಮಳಿ ಬಂಡಿಗಲ್ಲಿನೊಳಗಿನ ಸಿಲಿಕಾ ಎಲ್ಲಾ ತೊಳಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಅಷ್ಟ ಉಳದು ಆದದ್ದು ಇದು. ನೆಲದೊಳಗ ಇದ್ದಾಗ ಮೆತ್ತಗ, ಕೊಯ್ಯಾಕ ಬರ್ತದ, ಗಾಳಿಗೆ ಬಂದ ಮ್ಯಾಲ ಗಟ್ಟಿ ಆಗ್ತದ. ಸೈಕಲ್ ಹೊಡಿಯೋರಿಗೆ ಇದು ಯಾಕ ಬೇಕು ಅಂದ್ರ, ಈ ಒಂದ ಕಲ್ಲು ಹಾದಿ ಮ್ಯಾಲ ಮೂರು ವೇಷದಾಗ ಬರ್ತದ.

ಒಂದು, ಅಖಂಡ ಬಂಡಿ. ಒಣಗಿದ್ರ ಹಿಡಿತ ಭಾಳ ಚೊಲೊ, ಮೈ ತುಂಬ ತೂತು ಇರೋದ್ರಿಂದ ಟೈರು ಕಚ್ಚಿ ಹಿಡೀತದ. ತುದಿ ಮಾತ್ರ ಕತ್ತಿ ಇದ್ದಂಗ. ಎರಡು, ಸಡಲ ಗುಂಡು ಹಳ್ಳು, ಕಡಲಿಕಾಳಿನಷ್ಟು, ಬಾರಿಹಣ್ಣಿನಷ್ಟು. ಗಟ್ಟಿ ನೆಲದ ಮ್ಯಾಲ ಇವು ಹರಡಿದ್ರ ಬೇರಿಂಗ್ ಗುಂಡಿನ ಮ್ಯಾಲ ಹೋದಂಗ. ಮೂರು, ಪುಡಿ ಧೂಳು, ಫೆಬ್ರವರಿ ಮ್ಯಾಲ ಗಾಲಿ ಎರಡು ಬೆರಳು ಹುಗೀತದ. ಹತ್ತು ಮೀಟರ್ ಮುಂದ ನೋಡ್ತಾ ಹೋಗ್ರಿ, ಗಾಲಿ ಬುಡಕ ನೋಡಬ್ಯಾಡ್ರಿ. ಬಣ್ಣ ಹೇಳ್ತದ: ಕಪ್ಪಗ ಮಿರಿಮಿರಿ ಅಂದ್ರ ಪಾಚಿ ಅಥವಾ ಪಸೆ, ತಿಳಿ ಕೆಂಪು ಅಂದ್ರ ಸಡಲ, ಗಾಢ ಕೆಂಪು ಅಂದ್ರ ಗಟ್ಟಿ. ಲಾರಿ ಟ್ರ್ಯಾಕ್ಟರ್ ಗಾಲಿ ಹೋದ ಪಟ್ಟಿ ಗಟ್ಟಿ ಆಗಿರ್ತದ, ನಡುವಿನ ದಿಬ್ಬ ಸಡಲ, ಪಟ್ಟಿ ಬಿಡಬ್ಯಾಡ್ರಿ.

ಏರು ಬಂದಾಗ ಕುಂತ ತುಳೀರಿ. ಸೀಟಿನ ಮುಂದಿನ ತುದಿಗೆ ಸರದು, ಎದಿ ಸ್ವಲ್ಪ ಬಗ್ಗಿಸಿ, ಗೇರು ಏರು ಶುರು ಆಗೋಕಿಂತ ಮೊದಲ ಇಳಿಸಿ, ಒಂದ ಲಯದಾಗ ಗಿರಗಿರ ತುಳಿಯೋದು. ಮಧ್ಯ ಗಾಲಿ ಜಾರಿದ್ರ ತುಳಿಯೋದು ನಿಲ್ಲಿಸಬ್ಯಾಡ್ರಿ, ಒತ್ತು ಕಡಿಮಿ ಮಾಡಿ ತುಳೀತಾ ಇರ್ರಿ, ತಾನ ಹಿಡಿತ ಸಿಗ್ತದ.

ಇಳಿಜಾರಿನ್ಯಾಗ ಎದ್ದು ನಿಲ್ರಿ, ಎರಡೂ ಪೆಡ್ಲು ಸಮ, ಮೊಣಕಾಲು ಮೊಣಕೈ ಸಡಲ, ಕುಂಡಿ ಸೀಟಿಂದ ನಾಕು ಬೆರಳು ಹಿಂದ. ಕೈ ಹ್ಯಾಂಡಲ್ಲಿನ ಕೆಳಗಿನ ಕೊಂಬಿನ್ಯಾಗ ಇರ್ಲಿ, ಅಲ್ಲಿಂದ ಬ್ರೇಕ್ ಒತ್ತಾಕ ಬಲ ಬರ್ತದ, ಕುಲುಕಿದ್ರೂ ಕೈ ಕಿತ್ತು ಬರೂದಿಲ್ಲ. ಬಿಗಿ ಹಿಡೀಬ್ಯಾಡ್ರಿ, ಸೈಕಲ್ ಸ್ವಲ್ಪ ಅಲ್ಲಾಡ್ತದ, ಅಲ್ಲಾಡ್ಲಿ, ಗರಸಿನ ಮ್ಯಾಲ ಅದರ ಸ್ವಭಾವ ಹಂಗ. ಬ್ರೇಕ್ ಹಾಕೋದು ನೆಟ್ಟಗ ಹೋಗೋವಾಗ, ತಿರುವು ಬರೋಕಿಂತ ಮೊದಲ. ತಿರುವಿನ ಒಳಗ ಮುಂದಿನ ಬ್ರೇಕ್ ಮುಟ್ಟಿದ್ರ ಮುಗೀತು, ಆ ಗುಂಡು ಹಳ್ಳಿನ ಮ್ಯಾಲ ಮುಂದಿನ ಗಾಲಿ ಜಾರಿದ್ರ ಸಂಭಾಳಿಸೋ ಮಾತ ಇಲ್ಲ. ತಿರುಗೋವಾಗ ಹೊರಗಿನ ಕಾಲು ಕೆಳಗ, ಅದರ ಮ್ಯಾಲ ಪೂರ್ತಿ ಭಾರ, ಸೈಕಲ್ ಒಳಗ ವಾಲ್ಲಿ, ಮೈ ನೆಟ್ಟಗ. ಊರ ಹೊರಗಿನ ಯಾವದರ ಆಟದ ಮೈದಾನದಾಗ ಎರಡು ಬಾಟ್ಲಿ ಇಟ್ಟು ಎಂಟು ಅಂಕಿ ಆಕಾರದಾಗ ಅರ್ಧ ತಾಸು ತಿರಗ್ರಿ, ಎರಡು ಭಾನುವಾರ ಮಾಡಿದ್ರ ಕೈಗೆ ಹತ್ತತದ.

ಹಂತ 6: ಹಾದಿ

ಮಡಗಾಂವ್‌ದಿಂದ ಬೆಳಕು ಹರಿಯೋದ್ರೊಳಗ ಹೊಂಡ್ರಿ. ಮೊದಲ ಕುಡ್ತರಿ, ಕೆರಿ, ಗದ್ದಿ, ಬೆಳ್ಳಕ್ಕಿ. ಜುವಾರಿ ಕಡೆ ಖಾಜನ್ ಗದ್ದಿ ಅದಾವ, ನಮ್ಮ ಕುಮಟಾ ಅಘನಾಶಿನಿ ಕಡೆ ಗಜನಿ ಅಂತಾರಲ್ಲ, ಅದ ಇದು. ಉಪ್ಪುನೀರು ಗದ್ದಿಗೆ ಬರದಂಗ ಮಣ್ಣಿನ ಬಾಂದು, ನಡುವ ಮಾನಸ ಅಂತ ಕಟ್ಟಿಗಿ ಬಾಗಿಲು, ಭರತಿ ಬಂದಾಗ ನೀರಿನ ಒತ್ತಡಕ್ಕ ತಾನ ಮುಚ್ಚತದ, ಇಳಿತದಾಗ ತಾನ ತೆರೀತದ. ಒಣಗಿದ ಬಾಂದಿನ ಮ್ಯಾಲ ಸೈಕಲ್ ಹೊಡಿಯೋದು ಭಾಳ ಸುಖ, ಎರಡೂ ಕಡೆ ನೀರು, ಗಾಳಿ. ಆದ್ರ ಹಸಿ ಇದ್ದಾಗ ಹೋಗಬ್ಯಾಡ್ರಿ, ಗಾಲಿ ಗೀರು ಬಿದ್ದಲ್ಲೇ ನೀರು ನುಗ್ಗಿ ಬಾಂದು ಒಡೀತದ, ಉಪ್ಪುನೀರು ಒಮ್ಮೆ ಹೊಕ್ಕ ಗದ್ದಿ ವರ್ಷಗಟ್ಟಲೆ ಬೆಳಿ ಕೊಡೂದಿಲ್ಲ. ತಲಿ ಮ್ಯಾಲ ಹೊರಿ ಹೊತ್ತು ಬರೋರು ಕಂಡ್ರ ನೀವ ಇಳೀಬೇಕು.

ಮುಂದ ಚಾಂದೋರ್. ಪೋರ್ಚುಗೀಸ್ ಕಾಲದ ದೊಡ್ಡ ಮನಿ ನೋಡಾಕ ಮಂದಿ ಬರ್ತಾರ, ಬರ್ಲಿ. ನಾವು ನಿಲ್ಲಬೇಕಾದ್ದು ಕೋಟ್ ಅನ್ನೋ ಜಾಗದಾಗ. ಇದು ಚಂದ್ರಪುರ, ಮೊದಲ ಭೋಜ ಅನ್ನೋ ಹಳೇ ಅರಸರದು, ಆಮ್ಯಾಲ ಗೋವಾ ಕದಂಬರ ರಾಜಧಾನಿ, ಅವ್ರು ಗೋಪಕಪಟ್ಟಣಕ್ಕ ಹೋಗೋಕಿಂತ ಮೊದಲು. ತಲಿ ಇಲ್ಲದ ಒಂದು ನಂದಿ ಅಲ್ಲೆ ಕುಂತದ. ಬನವಾಸಿ ಹೆಸರು ಬಿರುದಿನ್ಯಾಗ ಇಟ್ಕೊಂಡಿದ್ದ ಮನೆತನ, ಖಾನಾಪುರ ತಾಲೂಕಿನ ಹಲಸಿನೂ ಅವ್ರದ, ಈಗ ಗೋವಾದ ಸರಕಾರಿ ಬಸ್ಸಿನ ಮ್ಯಾಲನೂ ಕದಂಬ ಅಂತನ ಬರದಿರ್ತದ. ಹಾವೇರಿಂದ ಬಂದ ನನಗ ಆ ನಂದಿ ಮುಂದ ಸೈಕಲ್ ಆನಿಸಿ ನಿಂತಾಗ ಪರದೇಶಿ ಅನಿಸೂದಿಲ್ಲ.

ಪಾರೋಡಾದಾಗ ಬಲಕ್ಕ ಚಂದ್ರನಾಥ ಗುಡ್ಡ, ಮ್ಯಾಲ ಚಂದ್ರೇಶ್ವರನ ಗುಡಿ, ಎತ್ತರ 350 ಮೀಟರ್ ಹತ್ರ. ಡಾಂಬರ್ ಹಾದಿ, ಕಡಿದಾದ ಏರು. ಕಾಲಿನ್ಯಾಗ ಬಲ ಇದ್ರ ಹತ್ರಿ, ಇಲ್ಲಂದ್ರ ಶಕ್ತಿ ಉಳಿಸ್ಕೋರಿ, ನಿಜವಾದ ಗರಸು ಇನ್ನೂ ಮುಂದ ಅದ. ಕೇಪೆ ಊರಾಗ ನಾಷ್ಟಾ: ಪಾವ್ ಭಾಜಿ, ಚಾ, ಬಾಟ್ಲಿ ತುಂಬಿಸ್ಕೊಳ್ಳೋದು. ಇದರ ಮುಂದ ದೊಡ್ಡ ಅಂಗಡಿ ಇಲ್ಲ.

ಕೇಪೆಯಿಂದ ರಿವಣದ ಕಡೆ ಹೋಗ್ತಾ ಹೋಗ್ತಾ ಕಾಡು ಹತ್ರ ಬರ್ತದ, ಕುಶಾವತಿ ಒಮ್ಮೆ ಎಡಕ್ಕ ಒಮ್ಮೆ ಬಲಕ್ಕ ಕಾಣ್ತದ. ಇಲ್ಲೇ ಒಂದು ಡಿಸೆಂಬರ್‌ದಾಗ ನನ್ನ ಹಿಂದಿನ ಟೈರಿನ ಮಗ್ಗಲು ಬಂಡಿ ತುದಿಗೆ ಹತ್ತಿ ಸೀಳ್ತು. ಟ್ಯೂಬ್‌ಲೆಸ್ ಅಲಾ, ಸೀಲಂಟ್ ಮುಚ್ಚತದ ಅಂತ ಧೈರ್ಯ ಇತ್ತು. ತೆರದು ನೋಡಿದ್ರ ಒಳಗ ಎರಡು ಚಮಚಾನೂ ಇಲ್ಲ, ತಿಂಗಳ ಹಿಂದ ಹಾಕಿಸಿದ ಅಂಗಡ್ಯಾಗ ಪೂರ್ತಿ ಹಾಕೇ ಇದ್ದಿಲ್ಲ. ಅದಕ್ಕ ಹೇಳ್ತೀನಿ, ಎದುರಿಗೆ ನಿಂತು ಹಾಕಿಸ್ರಿ, 40 ಮಿ.ಮೀ. ಟೈರಿಗೆ 60 ಮಿ.ಲೀ. ಆದ್ರೂ ಬೇಕು.

ನೂಕ್ಕೊಂಡು ಹೋದ್ರ ಮುಂದ ಒಂದು ಚಾ ಗೂಡಂಗಡಿ. ಒಲಿ ಮುಂದ ಕುಂತ ಅಕ್ಕ ನಾ ಫೋನಿನ್ಯಾಗ ಮಾತಾಡೋದು ಕೇಳಿ ತಲಿ ಎತ್ತಿದ್ಲು.

"ಯಾ ಊರಪಾ ನಿಂದು?"

"ಹಾವೇರಿ ಕಡೇರಿ ಅಕ್ಕಾ."

"ನಮ್ದು ಗದಗ. ಖಾಣಿ ಚಾಲೂ ಇದ್ದಾಗ ಬಂದ್ವಿ. ಖಾಣಿ ಬಂದ್ ಆತು, ನಾವು ಇಲ್ಲೇ ಉಳದ್ವಿ. ಕುಂದ್ರ, ಮೊದಲ ಚಾ ಕುಡಿ."

ಅಕಿ ಕೊಟ್ಟ ಖಾಲಿ ಹಾಲಿನ ಪಾಕೀಟಿನ್ಯಾಗ ಟೈರು ಉಳೀತು. ಹೆಂಗ ಮಾಡೋದು ಅಂದ್ರ, ಗಾಲಿ ಬಿಚ್ಚಿ, ಟೈರಿನ ಒಂದು ಮಗ್ಗಲು ತೆಗದು, ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ತೆಗೀರಿ. ಒಳಗ ಕೈ ಆಡಿಸಿ ಹಳ್ಳು ಮುಳ್ಳು ಇದ್ರ ತೆಗೀರಿ, ನಿಧಾನ, ಬೆರಳಿಗೆ ಹತ್ತತದ. ಪಾಕೀಟು ತೊಳದು ಒರಸಿ ನಾಕು ಮಡಿಕಿ ಮಾಡಿ ಸೀಳಿದ ಜಾಗಕ್ಕ ಒಳಗಿಂದ ಹಚ್ಚರಿ, ಸೀಳಿಗಿಂತ ಎಲ್ಲಾ ಕಡೆ ಎರಡು ಬೆರಳು ಹೆಚ್ಚಿರಬೇಕು. ಟ್ಯೂಬಿಗೆ ಸ್ವಲ್ಪ ಹವಾ ತುಂಬಿ ದುಂಡಗ ಮಾಡಿ ಒಳಗ ಕುಂದ್ರಸ್ರಿ, ಅದ ಪಾಕೀಟನ್ನ ಒತ್ತಿ ಹಿಡೀತದ. ಟೈರಿನ ಕೊನೀ ಭಾಗ ಲಿವರ್ ಇಲ್ಲದ ಹೆಬ್ಬೆರಳಿಲೆ ಏರಸ್ರಿ, ಲಿವರ್ ಹಾಕಿದ್ರ ಟ್ಯೂಬ್ ಕಚ್ಚತದ. 30ಕ್ಕಿಂತ ಮ್ಯಾಲ ಹವಾ ಬ್ಯಾಡ, ಸೀಳು ಉಬ್ಬಿ ಹೊರಗ ಬರ್ತದ. ಹಿಂಗ ಮಾಡಿ ಅವತ್ತು ನಿಧಾನಕ್ಕ ಮನಿ ತನಕ ಮುಟ್ಟೀನಿ. ಸಣ್ಣ ತೂತಾದ್ರ ಇಷ್ಟೆಲ್ಲಾ ಬ್ಯಾಡ, ರಬ್ಬರ್ ಬತ್ತಿ ತುರುಕಿ ತುದಿ ಕೊಯ್ದು ಹವಾ ಹಾಕಿದ್ರ ಸಾಕು.

ಚಾದ ರೊಕ್ಕ ಕೊಡಾಕ ಹೋದ್ರ ತಗೊಳ್ಳಲಿಲ್ಲ. ಈಗ ಆ ಕಡೆ ಹೋದಾಗೊಮ್ಮೆ ಊರಿನ ಶೇಂಗಾ ಚಟ್ನಿಪುಡಿ ಒಯ್ದು ಕೊಡ್ತೀನಿ.

ರಿವಣ ದಾಟಿ ಉಸ್ಗಾಳಿಮಳಕ್ಕ ಇಳೀರಿ. ಕೊನೀಗೆ ಕಚ್ಚಾ ಹಾದಿ, ಆ ಮ್ಯಾಲ ಕುಶಾವತಿ ದಂಡಿ, ಮಡಗಾಂವ್‌ದಿಂದ ಸುತ್ತಿ ಬಳಸಿ 45 ಕಿ.ಮೀ. ಆಚೀಚೆ ಆಗಿರ್ತದ. ಸೈಕಲ್ ಮರಕ್ಕ ಆನಿಸಿ ಬೂಟು ಬಿಚ್ಚರಿ, ಪೆಡ್ಲಿಗೆ ಸಿಕ್ಕಿಸೋ ಗಟ್ಟಿ ಕ್ಲೀಟ್ ಇರೋ ಬೂಟು ಹಾಕ್ಕೊಂಡು ಆ ಬಂಡಿ ಮ್ಯಾಲ ಕಾಲು ಇಡಬಾರದು. ಮೊದಲ ನೋಟಕ್ಕ ಏನೂ ಕಾಣೂದಿಲ್ಲ, ಬೆಳಿಗ್ಗಿಂದ ನಿಮ್ಮ ಗಾಲಿ ಕೆಳಗ ಓಡಿದ ಅದ ಕೆಂಪು ಕಲ್ಲು, ಅಗಲಕ್ಕ ಹಾಸಿದಂಗ. ಅಲ್ಲಿ ನೋಡ್ಕೊಳ್ಳೋರು ಒಂದು ತಂಬಿಗಿ ನೀರು ತಂದು ಮೆಲ್ಲಗ ಸುರೀತಾರ. ನೀರು ಗೀರಿನ್ಯಾಗ ಹರೀತದ, ಬಂಡಿ ಕಪ್ಪಾಗ್ತದ, ಗೂಳಿಯ ಬೆನ್ನು ಮೂಡ್ತದ, ಆಮ್ಯಾಲ ಕೊಂಬು, ಆಮ್ಯಾಲ ಮಗ್ಗಲಿಗೆ ಸುತ್ತು ಸುತ್ತು ಸುತ್ತಿದ ದುಂಡನ್ನ ಚಕ್ರವ್ಯೂಹ. ನೂರಕ್ಕ ಮೀರಿ ಚಿತ್ರ ಅದಾವ, ಜಿಂಕಿ, ಕುಣಿಯೋ ಹೆಂಗಸು. ದನಾ ಕಾಯೋ ಹುಡುಗ್ರು ಬಿಡಿಸಿದ್ದು ಅಂತ ಊರಿನ ಮಂದಿ ಹೇಳ್ತಿದ್ರಂತ, 1993ರಾಗ ಅವ್ರ ಹೇಳಿದ್ದಕ್ಕ ಪುರಾತತ್ವದವ್ರು ಬಂದು ನೋಡಿದ್ರು, ಶಿಲಾಯುಗದ ಕೈಕೆಲಸ. ನೀರು ಆರಿದ ಮ್ಯಾಲ ಎಲ್ಲಾ ಮತ್ತ ಕಲ್ಲಿನ್ಯಾಗ ಹೋಗ್ತಾವ. ನೀವ ನೀರು ಸುರಿಯೋದು, ಚಾಕಪೀಸಿಲೆ ಗೆರಿ ತಿದ್ದೋದು ಮಾಡಬ್ಯಾಡ್ರಿ, ಅವ್ರನ್ನ ಕೇಳ್ರಿ. ಅರ್ಧ ತಾಸು ಕುಂದ್ರಿ ಅಲ್ಲೆ. ಬುತ್ತಿ ಬಿಚ್ಚಾಕ ಹೊಳಿ ಮಗ್ಗಲಿನ ನೆರಳು ಭಾಳ ಚೊಲೊ, ಕಾಗದ ಪ್ಲಾಸ್ಟಿಕ್ ವಾಪಸ್ ಚೀಲಕ್ಕ.

ಇನ್ನೂ ಬಲ ಇದ್ದವ್ರು, ಎರಡು ದಿನ ಇದ್ದವ್ರು ನೇತ್ರಾವಳಿಗೆ ಹೋಗ್ರಿ. ಗೋಪಿನಾಥ ಗುಡಿ ಮುಂದಿನ ಬುಡಬುಡಿ ಹೊಂಡದಾಗ ತಳದಿಂದ ಗುಳ್ಳಿ ಏಳ್ತಾನ ಇರ್ತಾವ. ಸಾಳಾವಳಿ ಡ್ಯಾಮಿನ ಹಿನ್ನೀರಿನ್ಯಾಗ ಕುರ್ಡಿ ಅನ್ನೋ ಊರು ಮುಳಗ್ಯದ, ಗಾಯಕಿ ಮೊಗುಬಾಯಿ ಕುರ್ಡೀಕರ್ ಅವ್ರ ಊರು. ಮೇ ತಿಂಗಳದಾಗ ನೀರು ಇಳದು ಊರು ಹೊರಗ ಬರ್ತದ, ಬಿಟ್ಟು ಹೋದ ಮಂದಿ ಗುಡಿಗೆ ಸೇರ್ತಾರ. ಆಗ ಹೋದ್ರ ಕೆಸರು ನೋಡಿ ಹೋಗ್ರಿ, ಮ್ಯಾಲ ಒಣಗಿ ಬಿರಿಕು ಬಿಟ್ಟಿದ್ರೂ ಕೆಳಗ ಮೆತ್ತಗ ಇರ್ತದ, ಸೈಕಲ್ ದಂಡೀಗೆ ಬಿಟ್ಟು ನಡಕೊಂಡು ಹೋಗೋದ ಚೊಲೊ.

ಹಂತ 7: ವಾಪಸ್

ಬಂದ ಹಾದೀಲೆ ತಿರಗಬ್ಯಾಡ್ರಿ, ಬಿಸಲಾಗ ಅದು ಬೇಸರ. ರಿವಣದಿಂದ ಕುಡಚಡೆ ಕಡೆ ಇಳದ್ರ ಸಾವರ್ಡೆ ಕುಡಚಡೆ ಸ್ಟೇಷನ್ ಸಿಗ್ತದ, ಹುಬ್ಬಳ್ಳಿಂದ ಕ್ಯಾಸಲ್‌ರಾಕ್ ಘಾಟು ಇಳದು ಬರೋ ರೈಲು ಲೈನ್ ಇದ. ದಣದಿದ್ರ ಪ್ಯಾಸೆಂಜರ್ ಗಾಡಿ ಹಿಡೀರಿ, ಆದ್ರ ಸೈಕಲ್ ಒಯ್ಯೋ ನಿಯಮ ಮೊದಲ ಸ್ಟೇಷನ್ ಮಾಸ್ತರರನ್ನ ಕೇಳ್ರಿ. ಹುಬ್ಬಳ್ಳಿ ಧಾರವಾಡದಿಂದ ಸೈಕಲ್ ತರೋರು ಪಾರ್ಸಲ್ ಆಫೀಸಿನ್ಯಾಗ ಲಗೇಜ್ ಬುಕ್ ಮಾಡಸ್ರಿ, ಒಂದು ತಾಸು ಮುಂಚೆ ಹೋಗ್ರಿ, ಪೆಡ್ಲು ಬಿಚ್ಚಿ, ಗೇರಿನ ಕಡೆ ರಟ್ಟು ಸುತ್ತಿ, ಹೆಸರು ಫೋನ್ ನಂಬರ್ ಎರಡು ಕಡೆ ಬರದು ಅಂಟಸ್ರಿ.

ಮನಿಗೆ ಮುಟ್ಟಿದ ಮ್ಯಾಲ ಎಷ್ಟ ದಣದಿದ್ರೂ ಸೈಕಲ್ ಹಂಗ ನಿಲ್ಲಿಸಬ್ಯಾಡ್ರಿ, ಕೆಂಪು ಧೂಳು ಎಣ್ಣಿ ಜೋಡಿ ಸೇರಿ ರಾತ್ರ್ಯಾಗ ಅರಕು ಆಗ್ತದ. ಮೆಲ್ಲಗ ನೀರು ಬಿಡ್ರಿ, ಕಾರ್ ತೊಳಿಯೋ ಜೋರು ಪೈಪು ಬ್ಯಾಡ, ಬೇರಿಂಗಿನ ಗ್ರೀಸ್ ತೊಳದು ಹೋಗ್ತದ. ಚೈನು ಹಳೇ ಬನಿಯನ್ ಅರಬಿಲೆ ಕಪ್ಪು ಹೋಗೋ ತನಕ ಒರಸಿ, ಒಣಗಿದ ಮ್ಯಾಲ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣಿ, ಹತ್ತು ನಿಮಿಷ ಬಿಟ್ಟು ಮ್ಯಾಲಿನದು ಮತ್ತ ಒರಸಿಬಿಡ್ರಿ, ಹೊರಗ ಉಳದ ಎಣ್ಣಿ ಮುಂದಿನ ಸಲದ ಧೂಳು ಹಿಡಿಯೋದು. ಟೈರು ತಿರುಗಿಸಿ ಮಗ್ಗಲಿನ ಸೀಳು ಬೆರಳಿಲೆ ಮುಟ್ಟಿ ನೋಡ್ರಿ, ಬ್ರೇಕ್ ಪ್ಯಾಡು ಒಂದು ಮಿ.ಮೀ. ಉಳದಿದ್ರ ಆ ವಾರನ ಹೊಸಾದು ಹಾಕಸ್ರಿ. ಅಂಗಳದಾಗ ಹರದ ಕೆಂಪು ನೀರು ಒಣಗೋದ್ರೊಳಗ ನೀವೂ ಸ್ನಾನಕ್ಕ ಹೋಗ್ರಿ, ಉಣ್ಣಿ ನೋಡ್ಕೊಳ್ಳೋದು ಮರೀಬ್ಯಾಡ್ರಿ.